22ನೇ ದಿನದ ಪಿಳ್ಳೆ

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವಾಗ ಕಪಿಲೆಯ ದಂಡೆಗೆ ಹತ್ತಿಕೊಂಡ ಒಂದು ಊರಿನಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳ ಮನೆಯಿದೆ. ಮುಡುಕುತೊರೆ ಜಾತ್ರೆಯ ಬಗ್ಗೆ ಬರೆಯಬೇಕೆಂದು ಹೊರಟ ನಾವು ನಾಲ್ವರು ಎರಡು ದಿನ ಅಲ್ಲೇ ಉಳಿದಿದ್ದೆವು. ಹಿತ್ತಲಿನ ಮೂಲೆಯಲ್ಲಿ ಹಳೆಯ ಮಂಕರಿಯೊಳಗೆ ಹುಲ್ಲು ಹಾಸಿ ಹೇಂಟೆಯನ್ನು ಕಾವಿಗೆ ಕೂರಿಸಿದ್ದರು. 12 ಮೊಟ್ಟೆ. ನಾವು ಹೋದದ್ದು 21ನೇ ದಿನ. ಸಂಜೆಯೊಳಗೆ 9 ಮರಿ ಹೊರಬಂದವು. ಎರಡು ಮೊಟ್ಟೆ ಗೊಡ್ಡು. ಉಳಿದ ಒಂದು ಮಾರನೇ ಬೆಳಿಗ್ಗೆ ಒಡೆಯಿತು.

ಆ ಪಿಳ್ಳೆಯನ್ನು ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ಹೊಕ್ಕುಳು ಮುಚ್ಚಿರಲಿಲ್ಲ. ಹುಟ್ಟುವ ಹೊತ್ತಿಗೆ ಹೊಟ್ಟೆಯೊಳಗೆ ಸೇರಿಕೊಳ್ಳಬೇಕಿದ್ದ ಹಳದಿಯ ಚೀಲ ಹೊರಗೇ ಜೋತುಬಿದ್ದಿತ್ತು. ಕೊಕ್ಕಿನ ಮೇಲ್ಭಾಗ ಒಂದು ಕಡೆಗೆ, ಕೆಳಭಾಗ ಇನ್ನೊಂದು ಕಡೆಗೆ. ಕತ್ತು ಬೆನ್ನಿನ ಮೇಲಕ್ಕೆ ತಿರುಚಿಕೊಂಡಿತ್ತು. ತಾಯಿ ಅಷ್ಟು ಹೊತ್ತಿಗೆ ಒಂಬತ್ತು ಮರಿಗಳನ್ನು ಕಟ್ಟಿಕೊಂಡು ತಿಪ್ಪೆ ಕೆದಕಲು ಹೊರಟಾಗಿತ್ತು. ಇದೊಂದು ಮಂಕರಿಯಲ್ಲಿ ಚೀಂವ್‌ಗುಟ್ಟುತ್ತಿತ್ತು.

'ಅದ್ನ ಒಂದ್ಕಡೆ ಮಡಗಿ. ಹೋಗೋದಾದ್ರೆ ಹೋಯ್ತದೆ, ನಾವ್ಯಾಕೆ ಪಾಪ ಕಟ್ಕೋಬೇಕು' ಅಂದಿತು ಗೆಳತಿಯ ಅಜ್ಜಿ. ಆ ಅಜ್ಜಿ ಹಬ್ಬದ ದಿನ ಕೋಳಿಯನ್ನು ತಾನೇ ಕುಯ್ದು, ಪುಕ್ಕ ತರಿದು, ಅರ್ಧ ಗಂಟೆಯಲ್ಲಿ ಒಲೆ ಮೇಲಿಡುವಂಥದ್ದು. ಕೈ ನಡುಗುವ ಪೈಕಿಯಲ್ಲ. ಆದರೂ ಈ ಪಿಳ್ಳೆಯನ್ನು ಮಾತ್ರ ಮುಟ್ಟಲಿಲ್ಲ. ನಮ್ಮಲ್ಲೊಬ್ಬ ನೀರಿನ ಬಕೆಟ್ಟಿನ ಮಾತೆತ್ತಿದ. ಹಾಸ್ಟೆಲಿನಲ್ಲಿದ್ದಾಗ ಗಾಯಗೊಂಡ ಪಾರಿವಾಳದ ಮರಿಯೊಂದನ್ನು ಅವನು ಹಾಗೇ 'ಕಳಿಸಿದ್ದ'. ಅದು ಮುಗಿಯಲು ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದರೆ ಮಾತು ಬದಲಿಸಿದ. ಇನ್ನೊಬ್ಬಳು ಫೋನಿನಲ್ಲಿ ಹುಡುಕಲು ಕೂತಳು. ಹೀಗೆ ನಾಲ್ಕು ಡಿಗ್ರಿಗಳು ಮತ್ತು ಒಬ್ಬ ಅಜ್ಜಿ ಸೇರಿ ಏನೂ ಮಾಡಲಿಲ್ಲ. ಮಧ್ಯಾಹ್ನ ಇರುವೆ ಬಂದವು. ಒರೆಸಿ ಬೇರೆ ಕಡೆ ಇಟ್ಟೆವು. ದೀಪ ಹಚ್ಚುವ ಹೊತ್ತಿಗೆ ಸದ್ದು ನಿಂತಿತು. ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆ.

ಜಾತ್ರೆಯ ಬರಹ ಎಲ್ಲೋ ಹೋಯಿತು. ಆ ಹತ್ತೂವರೆ ಗಂಟೆ ನಮ್ಮನ್ನು ಬಿಡಲಿಲ್ಲ. ತಿನ್ನಲು ಕೊಲ್ಲಬಲ್ಲ ಕೈಗೆ, ನರಳುವುದನ್ನು ನಿಲ್ಲಿಸಲು ಯಾಕೆ ಆಗಲಿಲ್ಲ? ಈ ಹಿಂಜರಿಕೆ ಅಜ್ಜಿಯೊಬ್ಬಳದ್ದಲ್ಲ, ಇದಕ್ಕೊಂದು ಚರಿತ್ರೆಯಿದೆ ಅನ್ನಿಸಿತು. ಹುಡುಕಿದೆವು. ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲು ಎಡವಿದ್ದು ಮಾತಿನಲ್ಲೇ. ತಿನ್ನಲು ಕೊಂದರೆ ನಮ್ಮ ಕಡೆ 'ಕುಯ್ಯೋದು' ಅನ್ನುತ್ತೇವೆ. ದೇವರಿಗಾದರೆ 'ಬಲಿ', 'ಹರಕೆ'. ಹಾವು ಚೇಳಿಗಾದರೆ 'ಹೊಡೆಯೋದು'. ಬದುಕಲಾರದ ಜೀವಕ್ಕೆ ನೋವು ತಪ್ಪಿಸಲೆಂದು ಮಾಡುವ ಕೆಲಸಕ್ಕೆ ಹಳ್ಳಿಯ ಬಾಯಲ್ಲಿ ಪದ ಕೇಳಿದರೆ, ನಾವು ಮಾತಾಡಿಸಿದ ಯಾರೂ ಕೊಡಲಿಲ್ಲ. 'ದಯಾಮರಣ' ಪತ್ರಿಕೆಯ ಪದ. ಅದು ಮನೆಮಾತಾದದ್ದು ಬಹುಮಟ್ಟಿಗೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. ಅಲ್ಲಿ ಕೋರ್ಟ್ ಒಪ್ಪಿದ್ದು ಚಿಕಿತ್ಸೆಯನ್ನು ಹಿಂತೆಗೆಯುವುದನ್ನು ಮಾತ್ರ, ಸೂಜಿ ಚುಚ್ಚಿ ಸಾಯಿಸುವುದನ್ನಲ್ಲ. 2018ರ ತೀರ್ಪೂ ಆ ಗೆರೆಯನ್ನು ದಾಟಲಿಲ್ಲ. ಮನುಷ್ಯರ ವಿಷಯದಲ್ಲಿ ಆ ಗೆರೆಗೆ ಕಾರಣಗಳಿವೆ. ಆ ಚರ್ಚೆ ಇಲ್ಲಿ ಬೇಡ. ಆದರೆ ಪದದ ಜೊತೆಗೆ ಆ ಗೆರೆಯೂ ನಮ್ಮ ತಲೆಯೊಳಗೆ ಬಂದು ಕೂತಿದೆ: ಸುಮ್ಮನೆ ಬಿಡುವುದು ಮೃದು, ಕೈಹಾಕುವುದು ಕ್ರೂರ. ಪಿಳ್ಳೆಯ ವಿಷಯದಲ್ಲಿ ಇದು ತಿರುವುಮುರುವು. ಆಸ್ಪತ್ರೆಯಲ್ಲಿ ಸುಮ್ಮನೆ ಬಿಟ್ಟವರಿಗೆ ನೋವು ತಗ್ಗಿಸುವ ಔಷಧ ಇರುತ್ತದೆ. ಮಂಕರಿಯಲ್ಲಿ ಬಿಟ್ಟ ಪಿಳ್ಳೆಗೆ ಇರುವೆಗಳಿರುತ್ತವೆ.

ಪದಕ್ಕಿಂತ ಹಳೆಯದು ಪಾಪದ ಲೆಕ್ಕ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. ಜೈನಧರ್ಮಕ್ಕೆ ಆಸರೆ ಕೊಟ್ಟ ಮನೆತನ. ಆ ವಂಶದ ಇಮ್ಮಡಿ ಮಾರಸಿಂಹ 10ನೇ ಶತಮಾನದ ಕೊನೆಯ ಭಾಗದಲ್ಲಿ ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ. ತನ್ನ ಸಾವನ್ನು ತಾನೇ ಎಚ್ಚರದಲ್ಲಿ ಎದುರುಗೊಳ್ಳುವುದು ಆ ಮತದಲ್ಲಿ ಬಹಳ ದೊಡ್ಡದು. ಬೇರೊಂದು ಜೀವಕ್ಕೆ, ಅದು ಕೇಳದೆ, ಸಾವು ಕೊಡುವುದು ಮಾತ್ರ ಹಿಂಸೆಯೇ.

ಹಿಂಸೆ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಕನ್ನಡದ ಅತಿ ಪ್ರಸಿದ್ಧ ಉತ್ತರದಲ್ಲಿ ಇರುವುದೂ ಒಂದು ಕೋಳಿಯೇ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯ ಕತೆ ನಿಮಗೆ ಗೊತ್ತಿರಬಹುದು. ರಾಜ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಬಲಿ ಕೊಡಲು ಒಪ್ಪುತ್ತಾನೆ. ಜೀವದ ಕೋಳಿ ಬೇಡವೆಂದು ಹಿಟ್ಟಿನ ಕೋಳಿಯನ್ನು ಮಾಡಿಸುತ್ತಾನೆ. ಕತ್ತಿ ಬೀಳುವಾಗ ಹಿಟ್ಟಿನ ಕೋಳಿ ಕೂಗುತ್ತದೆ. ಕೊಲ್ಲುವ ಸಂಕಲ್ಪ ಮಾಡಿದ ಆ ಒಂದು ತಪ್ಪಿಗೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಮತ್ತೆ ಮನುಷ್ಯರಾಗುವ ಮುಂಚಿನ ಜನ್ಮದಲ್ಲಿ ಅವರು ಕೋಳಿಗಳು.

ನಮ್ಮ ಗೆಳತಿಯ ಅಜ್ಜಿ ಜೈನಳಲ್ಲ, ಜನ್ನನನ್ನು ಓದಿದವಳೂ ಅಲ್ಲ. ಆದರೆ ಸಾವಿರ ವರ್ಷ ಒಂದೇ ಮಣ್ಣಿನಲ್ಲಿದ್ದ ವಿಚಾರ ಮತದ ಬೇಲಿಯೊಳಗೇ ನಿಲ್ಲುವುದಿಲ್ಲ ಎಂಬುದು ನಮ್ಮ ಅನಿಸಿಕೆ. ಕುಯ್ಯುವಾಗ ಅಜ್ಜಿಯ ಸಂಕಲ್ಪ ಅಡುಗೆಯದ್ದು. ಸಾವು ಆ ದಾರಿಯಲ್ಲಿ ಬಂದುಹೋಗುವ ಸಂಗತಿ. ಪಿಳ್ಳೆಯ ಕತ್ತಿಗೆ ಕೈಹಾಕಿದರೆ ಸಾವೇ ಸಂಕಲ್ಪ. ಅವಳು ಪಾಪ ಅಂದದ್ದು ಅದಕ್ಕೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕದಲ್ಲಿ ಪಿಳ್ಳೆಯ ನೋವಿಗೆ ಕಾಲಮ್ಮು ಇಲ್ಲ.

ನಮ್ಮ ಸೀಮೆಯ ದೇವರಿಗೆ ಇನ್ನೊಂದು ಮುಖವಿದೆ, ಅದನ್ನೂ ಹೇಳಬೇಕು. ನಂಜನಗೂಡಿನ ಶ್ರೀಕಂಠೇಶ್ವರ ರೋಗ ಕಳೆಯುವ ದೇವರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿನ ಹರಕೆಯಿಂದ ವಾಸಿಯಾಯಿತು, ಅದಕ್ಕೇ ಅವನು 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆಲಿಂಗ ಒಪ್ಪಿಸಿದ ಎಂಬ ಐತಿಹ್ಯ ಊರಲ್ಲಿ ಮಕ್ಕಳಿಗೂ ಗೊತ್ತು. ಪ್ರಾಣಿಯನ್ನು ಗುಣಪಡಿಸಿದ ದೇವರಿಗೆ ಇಷ್ಟು ಮರ್ಯಾದೆಯಿರುವ ಸೀಮೆಯಲ್ಲಿ, ಗುಣವಾಗದ ಪ್ರಾಣಿಯ ಮುಂದೆ ಕೂತವರಿಗೆ ಹೇಳಿಕೊಳ್ಳಲು ಕತೆಯೊಂದಿಲ್ಲ.

ಕತೆ ಸಿಗುವುದು 20ನೇ ಶತಮಾನದಲ್ಲಿ, ಅದೂ ಸಾಬರಮತಿಯಲ್ಲಿ. 1928. ಗಾಂಧೀಜಿಯ ಆಶ್ರಮದ ಒಂದು ಕರು ರೋಗದಿಂದ ನೆಲ ಹಿಡಿಯಿತು. ಪಕ್ಕ ತಿರುಗಲೂ ಆಗದಷ್ಟು ಯಾತನೆ. ಆಸೆ ಇಲ್ಲವೆಂದು ವೈದ್ಯರು ಹೇಳಿದರು. ಆಶ್ರಮದಲ್ಲಿ ಚರ್ಚೆಯಾಯಿತು. ಕೊಡಲಾರದ ಜೀವವನ್ನು ತೆಗೆಯಲು ನಮಗೇನು ಹಕ್ಕು ಎಂದು ಕೇಳಿದವರೂ ಇದ್ದರು. ಕೊನೆಗೆ ಗಾಂಧೀಜಿಯ ಎದುರಿಗೇ ವೈದ್ಯರು ವಿಷದ ಸೂಜಿ ಕೊಟ್ಟರು. ಎರಡು ನಿಮಿಷದೊಳಗೆ ಮುಗಿಯಿತು. ಅವರು ಅದನ್ನು ಮುಚ್ಚಿಡಲಿಲ್ಲ. 'ನವಜೀವನ'ದಲ್ಲೂ, ಅಕ್ಟೋಬರ್ 4ರ 'ಯಂಗ್ ಇಂಡಿಯಾ'ದಲ್ಲೂ ಬರೆದರು. ಬೈಗುಳದ ಪತ್ರಗಳು ಬಂದು ಬಿದ್ದವು. ಗೋವಿನ ಕರು ಬೇರೆ. ಗುಜರಾತಿನ ಜೈನರಿಂದಲೂ ವೈಷ್ಣವರಿಂದಲೂ ಆಕ್ಷೇಪ. ಎರಡು ವರ್ಷ ಹಿಂದೆ, 1926ರಲ್ಲಿ, ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಹುಚ್ಚುನಾಯಿಗಳನ್ನು ಕೊಲ್ಲಿಸಿದ್ದನ್ನು ಸಮರ್ಥಿಸಿ ಅವರು ಇಂಥದೇ ಬೈಗುಳ ತಿಂದಿದ್ದರು. ಆದರೆ ಆ ಎರಡನ್ನೂ ಅವರು ಒಂದೇ ಎನ್ನಲಿಲ್ಲ. ನಾಯಿಯದ್ದು ಮನುಷ್ಯರ ರಕ್ಷಣೆಗೆ, ಕರುವಿನದ್ದು ಕರುವಿಗಾಗಿಯೇ.

ಆ ಬರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಗಾಂಧೀಜಿ ಹಳೆಯ ತಕ್ಕಡಿಯನ್ನು ಎಸೆಯಲಿಲ್ಲ. ಸಂಕಲ್ಪವನ್ನೇ ತೂಗಿದರು. ಜನ್ನನಲ್ಲಿ ಸಂಕಲ್ಪ ಹಿಟ್ಟನ್ನೂ ಹಿಂಸೆಯಾಗಿಸಿತು. ಇಲ್ಲಿ ಸಂಕಲ್ಪ ಕೊಲ್ಲುವುದನ್ನೂ ಅಹಿಂಸೆಯಾಗಿಸಿತು. ಆದರೆ ಷರತ್ತುಗಳು ಬಿಗಿಯಾಗಿದ್ದವು: ವಾಸಿಯಾಗುವ ದಾರಿ ಯಾವುದೂ ಉಳಿದಿರಬಾರದು, ನಮ್ಮ ಅನುಕೂಲದ ಮಾತು ಅದರೊಳಗೆ ಸೇರಿರಬಾರದು. ಎರಡನೆಯದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದು ಕೋಳಿ ಫಾರಂ ನೋಡಿದವರಿಗೆ ಗೊತ್ತು. ಆ ಮಾತಿಗೆ ಬರುತ್ತೇವೆ.

ನಂಜನಗೂಡು ತಾಲ್ಲೂಕಿಗೆ ಗಾಂಧೀಜಿ ದೂರದವರಲ್ಲ. ತಗಡೂರು ರಾಮಚಂದ್ರರಾಯರು ಕಟ್ಟಿದ ಖಾದಿ ಚಳವಳಿ, ಬದನವಾಳಿನ ನೂಲುವ ಕೇಂದ್ರ, ಅಲ್ಲಿಗೆ ಗಾಂಧೀಜಿ ಬಂದುಹೋದದ್ದು, ಇವೆಲ್ಲ ಇಲ್ಲಿನ ಶಾಲೆಗಳಲ್ಲಿ ಭಾಷಣವಾಗುತ್ತವೆ. ಚರಕ ಬಂತು, ಪ್ರಾರ್ಥನೆ ಬಂತು, ಪಾನನಿಷೇಧವೂ ಬಂತು. ಕರುವಿನ ಕತೆ ಮಾತ್ರ ಬರಲಿಲ್ಲ. ನಾವು ಕೇಳಿದ ಹಿರಿಯ ಖಾದಿಧಾರಿಗಳಲ್ಲಿ ಒಬ್ಬರಿಗೆ ಗೊತ್ತಿತ್ತು. ಅವರೂ ದನಿ ತಗ್ಗಿಸಿ ಹೇಳಿದರು.

ಮುಂದೆ ಕಾನೂನು. ಮೈಸೂರು ರಾಜ್ಯ 1959ರಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ ಮಾಡಿತು. ಗುಡಿಯ ಆವರಣದಲ್ಲಿ ಪ್ರಾಣಿ, ಪಕ್ಷಿ ಬಲಿ ಕೂಡದು. ಮರುವರ್ಷ, 1960ರ ಡಿಸೆಂಬರ್‌ನಲ್ಲಿ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಇಡೀ ದೇಶಕ್ಕೆ ಬಂತು. ಅದರ ಹಿಂದೆ ಇದ್ದವರು ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು, ಸರ್ಕಾರವೇ ಕಾನೂನು ತರುತ್ತದೆಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡವರು. ಈ ಕಾಯ್ದೆಯಲ್ಲಿ 'ಪ್ರಾಣಿ' ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ನಮ್ಮ ಪಿಳ್ಳೆಯೂ ಸೇರಿತು ಎಂದಾಯಿತು.

13ನೇ ಸೆಕ್ಷನ್ನು ನರಳುವ ಪ್ರಾಣಿಗಳನ್ನು ಕೊನೆಗಾಣಿಸುವ ಬಗ್ಗೆಯೇ ಇದೆ. ಓದಿ ನೋಡಿ, ಅದು ಬೀದಿಯಲ್ಲಿ ಬಿದ್ದ ಕುದುರೆಯನ್ನೋ ಎತ್ತನ್ನೋ ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಕಾನ್‌ಸ್ಟೆಬಲ್‌ಗಿಂತ ಮೇಲಿನ ಪೊಲೀಸರು ಅಂಥ ಪ್ರಾಣಿಯನ್ನು ಕಂಡರೆ, ಮಾಲೀಕ ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ, ಪಶುವೈದ್ಯಾಧಿಕಾರಿಯನ್ನು ಕರೆಸಬೇಕು, ಅವರು ಬರೆದುಕೊಡಬೇಕು, ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಒಂದು ಪಿಳ್ಳೆಯ ಸಲುವಾಗಿ ಇಷ್ಟು ಜನ ತಿಪ್ಪೆಯ ಸುತ್ತ ನಿಂತ ಚಿತ್ರವನ್ನು ಕಲ್ಪಿಸಿಕೊಂಡು ನಾವು ನಕ್ಕೆವು, ಆಮೇಲೆ ನಗು ನಿಂತಿತು. ಏಕೆಂದರೆ ಮಾಲೀಕಳು ಅಲ್ಲೇ ಇದ್ದು, ಏನಾದರೂ ಮಾಡಬೇಕೆಂದಿದ್ದರೆ ಅವಳಿಗೆ ಕಾಯ್ದೆ ಹೇಳುವುದು ಒಂದೇ: ಅನಗತ್ಯ ಕ್ರೂರ ರೀತಿಯಲ್ಲಿ ಕೊಲ್ಲಬೇಡ. ಯಾವ ರೀತಿ ಕ್ರೂರವಲ್ಲ ಎಂಬುದನ್ನು ಹಿತ್ತಲಿಗೆ ಬಂದು ಹೇಳಿಕೊಟ್ಟವರಿಲ್ಲ.

ಹಿತ್ತಲಿಗೆ ಸರ್ಕಾರ ಬಂದದ್ದು ಬದುಕಿಸಲು, ಅದನ್ನು ಒಪ್ಪಬೇಕು. ನಮ್ಮ ಅಜ್ಜಿಯರಿಗೆ ಕೋಳಿಯೆಂದರೆ ಎರಡು ಭಯ, ಹದ್ದು ಮತ್ತು ಕೊಕ್ಕರೆ ರೋಗ. ಪುಸ್ತಕದಲ್ಲಿ ಇದರ ಹೆಸರು ರಾಣಿಖೇತ್. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ, 1927ರಲ್ಲಿ ಹಿಮಾಲಯದ ಬುಡದ ರಾಣಿಖೇತ್‌ನಲ್ಲೂ ಕಾಣಿಸಿತು. ನಮ್ಮ ದೇಶದಲ್ಲಿ ಆ ಊರಿನ ಹೆಸರೇ ಉಳಿಯಿತು. ಹಸಿರು ಭೇದಿ, ತೂಕಡಿಕೆ, ತಿರುಚಿದ ಕತ್ತು, ವಾರದೊಳಗೆ ಗೂಡು ಖಾಲಿ. ಮುಕ್ತೇಶ್ವರದ ಸಂಸ್ಥೆಯಲ್ಲಿ ಅಯ್ಯರ್ ಮತ್ತು ಡಾಬ್ಸನ್ ಎಂಬಿಬ್ಬರು ಈ ವೈರಸ್ಸನ್ನು ಭ್ರೂಣವಿರುವ ಮೊಟ್ಟೆಗಳಲ್ಲಿ ಸಾಲುಸಾಲಾಗಿ ಬೆಳೆಸಿ, ಬಲ ಕುಗ್ಗಿಸಿ, 1940ರಲ್ಲಿ ಲಸಿಕೆಯ ದಾರಿ ತೋರಿಸಿದರು. ಹುಟ್ಟದೇ ಹೋದ ಪಿಳ್ಳೆಗಳ ಲೆಕ್ಕವನ್ನು ಆ ಲಸಿಕೆಯ ಸೀಸೆಯ ಮೇಲೆ ಬರೆಯುವುದಿಲ್ಲ. ಹಾಗೆಂದು ಅದನ್ನು ಬೇಡವೆನ್ನಲು ಸಾಧ್ಯವೂ ಇಲ್ಲ.

1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ, ಹಿತ್ತಲಿಗೆಂದೇ ಮಾಡಿದ, ನಾಟಿ ಕೋಳಿಯಂತೆ ಬಣ್ಣಬಣ್ಣದ, ಆದರೆ ಬೇಗ ಮೈ ತುಂಬುವ ಕೋಳಿ. 2005ರಲ್ಲಿ ಸ್ವರ್ಣಧಾರ ಬಂತು. ಗಿರಿರಾಜ ಮೊಟ್ಟೆ ಇಡುತ್ತದೆ, ಕಾವಿಗೆ ಕೂರಲು ಒಲ್ಲದು. ಮೊಟ್ಟೆ ಮರಿಯಾಗಬೇಕಾದರೆ ನಾಟಿ ಹೇಂಟೆಯ ಹೊಟ್ಟೆಯಡಿ ಇಡಬೇಕು, ಇಲ್ಲವೇ ಯಂತ್ರ ಬೇಕು. ಇಲ್ಲಿಂದ ಮುಂದೆ ಪಿಳ್ಳೆಯ ಹುಟ್ಟು ಹಿತ್ತಲಿನಿಂದ ಮೆಲ್ಲಗೆ ಜಾರಿತು. ಹೊಟ್ಟೆಯೊಳಗೆ ಸೇರಿಕೊಂಡ ಹಳದಿಯ ಬಲದಿಂದ ಪಿಳ್ಳೆ ಎರಡು ದಿನ ಅನ್ನ ನೀರಿಲ್ಲದೆ ಇರಬಲ್ಲದು. ತಾಯಿ ಎಲ್ಲ ಮೊಟ್ಟೆ ಒಡೆಯುವ ತನಕ ಗೂಡು ಬಿಡದಿರಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಅದು. ಇದೇ ಏರ್ಪಾಡು ತೂತಿನ ರಟ್ಟಿನ ಡಬ್ಬಿಗಳಲ್ಲಿ ಮರಿಗಳನ್ನು ಊರೂರಿಗೆ ಸಾಗಿಸುವ ವ್ಯಾಪಾರವನ್ನು ಸಾಧ್ಯ ಮಾಡಿತು.

ಯಂತ್ರದಲ್ಲಿ ಹುಟ್ಟುವ ಕಡೆ ಬೇಡದ ಪಿಳ್ಳೆಯ ಅರ್ಥವೇ ಬದಲಾಯಿತು. ಹಿತ್ತಲಲ್ಲಿ ಬೇಡದ್ದೆಂದರೆ ಬದುಕಲಾರದ್ದು. ಮೊಟ್ಟೆ ಕೋಳಿಯ ಹ್ಯಾಚರಿಯಲ್ಲಿ ಗಂಡು ಮರಿಯೇ ಬೇಡದ್ದು; ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಮೈ ಬರುವುದಿಲ್ಲ. ಒಂದು ದಿನದ ಮರಿಯ ಗುದದ್ವಾರವನ್ನು ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆಯನ್ನು ಜಪಾನಿನ ಮಸುಯಿ, ಹಾಶಿಮೊಟೊ ಎಂಬ ವಿಜ್ಞಾನಿಗಳು ಕಂಡುಕೊಂಡು, 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕೋಳಿ ಸಮ್ಮೇಳನದಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಅದರ ಬೆನ್ನಿಗೇ ಗಂಡು ಮರಿಗಳನ್ನು ಹುಟ್ಟಿದ ದಿನವೇ ಮುಗಿಸುವ ಪದ್ಧತಿ. ಜರ್ಮನಿ ಇದನ್ನು 2022ರ ಜನವರಿ 1ರಿಂದ ನಿಷೇಧಿಸಿದೆ. ನಮ್ಮ ಕಡೆ ಆ ಗಂಡು ಮರಿಗಳಿಗೆ ಇನ್ನೊಂದು ದಾರಿಯೂ ಇತ್ತು, ನೀವೂ ಕಂಡಿರುತ್ತೀರಿ: ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಪಿಳ್ಳೆಗಳು. ನಮ್ಮಲ್ಲಿ ಮೂವರು ಚಿಕ್ಕವರಿದ್ದಾಗ ಅಳುತ್ತಾ ಹಟ ಹಿಡಿದು ಕೊಂಡವರೇ. ಮೂವರ ಪಿಳ್ಳೆಗಳೂ ವಾರ ದಾಟಲಿಲ್ಲ. ಸಾವನ್ನು ಮೊದಲು ನೋಡಿದ್ದು ಹಾಗೆ, ಅಂಗೈಯಲ್ಲಿ, ಗುಲಾಬಿ ಬಣ್ಣದಲ್ಲಿ. ಅದೇ ಊರಿನ ಹ್ಯಾಚರಿ ಮಾಡಬೇಕಾದ ಕೆಲಸವನ್ನು ಐದು ವರ್ಷದ ಮಕ್ಕಳ ಕೈಗೆ ಹತ್ತು ರೂಪಾಯಿಗೆ ದಾಟಿಸಿದ್ದರು ಎಂದು ಈಗ ಅನ್ನಿಸುತ್ತದೆ.

ಬ್ರಾಯ್ಲರ್ ಶೆಡ್ಡುಗಳದ್ದು ಬೇರೆ ಕತೆ. ಮರಿ ಕಂಪನಿಯದ್ದು, ಮೇವು ಕಂಪನಿಯದ್ದು, ಶೆಡ್ಡು ಮತ್ತು ನಿದ್ದೆಗೆಡುವುದು ರೈತನದ್ದು. ತಿಂದ ಮೇವಿಗೂ ಬಂದ ತೂಕಕ್ಕೂ ತಾಳೆ ಹಾಕಿ ಕೂಲಿ ಕಟ್ಟುತ್ತಾರೆ. ಮೊದಲ ವಾರದಲ್ಲೇ ಬೆಳೆಯದ ಮರಿಗಳನ್ನು ಹೆಕ್ಕಬೇಕು, ಅದಕ್ಕೆ ಅಲ್ಲಿ ಪದವೂ ಇದೆ: ಕಲ್ಲಿಂಗ್. ನಂಜನಗೂಡು ತಾಲ್ಲೂಕಿನ ಒಬ್ಬ ರೈತ ನಮಗೆ ಹೇಳಿದ್ದು: ಕುಂಟುವ ಮರಿಯನ್ನು ನೋಡಿದಾಗ ತನಗೆ ಮೊದಲು ತೋಚುವುದು ಅದರ ನೋವೋ, ಅದು ತಿನ್ನುವ ಮೇವೋ ಎಂಬುದು ತನಗೇ ಈಗ ಗೊತ್ತಾಗುವುದಿಲ್ಲವಂತೆ. ಗಾಂಧೀಜಿ ಹಾಕಿದ ಎರಡನೇ ಷರತ್ತು ಇಲ್ಲಿ ಸಿಕ್ಕಿಬೀಳುತ್ತದೆ. ಅವನನ್ನು ದೂರಲು ನಮಗೆ ಮನಸ್ಸಿಲ್ಲ. ಸಂಕಲ್ಪ ಶುದ್ಧವಾಗಿರಬೇಕು ಎಂದು ಹೇಳುವುದು ಆಶ್ರಮದಲ್ಲಿ ಸುಲಭ, ಕೂಲಿಯ ಚೀಟಿ ಕೈಯಲ್ಲಿದ್ದಾಗ ಕಷ್ಟ. ನರಸೀಪುರದ ಸರ್ಕಾರಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಗೂಡಿನೊಳಗಿನ ಜೀವ ಬಿಸಿಗೆ ಸಾಯುತ್ತದೆ ಎಂಬುದನ್ನು ರೇಷ್ಮೆ ಸೀರೆ ಉಟ್ಟ ಯಾರೂ ನೆನೆಯುವುದಿಲ್ಲ, ನಮ್ಮ ಅಮ್ಮಂದಿರೂ ಸೇರಿದಂತೆ.

2020ರ ಮಾರ್ಚ್‌ನಲ್ಲಿ ಈ ಎಲ್ಲ ಗಂಟುಗಳೂ ಒಮ್ಮೆಗೇ ಬಿಗಿದವು. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಗೆ ಬೆಲೆ ನೆಲಕಚ್ಚಿ, ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಸಹಿತ ಗುಂಡಿಗೆ ಸುರಿದ ವಿಡಿಯೊ ಎಲ್ಲರ ಫೋನಿಗೂ ಬಂತು. ಅದೇ ತಿಂಗಳ ನಡುವೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಖಚಿತವಾಯಿತು. ಸುತ್ತಲಿನ 1 ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳನ್ನು ಕೊಲ್ಲಬೇಕೆಂದಾಯಿತು. ಮೈತುಂಬ ಬಿಳಿ ಉಡುಪು ತೊಟ್ಟ ಸಿಬ್ಬಂದಿ, ಆಳದ ಗುಂಡಿ, ಸುಣ್ಣ. ಇನ್ನೊಂದು ವಾರಕ್ಕೆ ದೇಶವೇ ಬಾಗಿಲು ಹಾಕಿತು, ನಂಜನಗೂಡು ಕೊರೊನಾದ ಸುದ್ದಿಯಿಂದಲೇ ರಾಜ್ಯದ ಬಾಯಲ್ಲಿ ಸಿಕ್ಕಿತು, ಕೋಳಿಗಳ ಗುಂಡಿಯನ್ನು ಎಲ್ಲರೂ ಮರೆತರು.

ನಾವು ಮರೆಯದೇ ಇರುವುದಕ್ಕೆ ಕಾರಣವಿದೆ. ಹಕ್ಕಿಜ್ವರ ದೇಶಕ್ಕೆ ಮೊದಲು ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರಕ್ಕೆ. ಅಂದಿನಿಂದ ಕೇಂದ್ರದ ಪಶುಸಂಗೋಪನಾ ಇಲಾಖೆ ಒಂದು ಕಾರ್ಯಯೋಜನೆಯನ್ನು ಬರೆದು, ತಿದ್ದುತ್ತ ಬಂದಿದೆ. ಕೋಳಿಯನ್ನು ಹೇಗೆ ಹಿಡಿಯಬೇಕು, ಕತ್ತಿನ ಕೀಲನ್ನು ಹೇಗೆ ತಪ್ಪಿಸಬೇಕು, ಹೇಗೆ ಹೂಳಬೇಕು ಎಲ್ಲವೂ ಅದರಲ್ಲಿದೆ. ಅಂದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಸರ್ಕಾರದ ಕಡತದಲ್ಲಿ ಇಷ್ಟು ವರ್ಷ ಇತ್ತು. ಅದು ಹಿತ್ತಲಿಗೆ ಬಂದದ್ದು ರೋಗ ನಮಗೆ ಹರಡೀತೆಂಬ ಭಯವಿದ್ದಾಗ ಮಾತ್ರ.

ಹಾಗಾಗಿ ನಾವು ಒಬ್ಬ ಪಶುವೈದ್ಯರ ಬಳಿಗೆ ಹೋದೆವು. ಎರಡೂ ತಾಲ್ಲೂಕಿನಲ್ಲಿ ಕೆಲಸ ಮಾಡಿದವರು, ಹೆಸರು ಬೇಡವೆಂದರು. ದನ, ಕುರಿ ಹಿಡಿದುಕೊಂಡು ಬರುವವರೇ ತಮ್ಮ ಬಳಿಗೆ ಹೆಚ್ಚು, ಪಿಳ್ಳೆ ತಂದವರನ್ನು ಕಂಡದ್ದು ಕಡಿಮೆ ಎಂದು ನಕ್ಕರು. ಆಮೇಲೆ ಅವರು ಮೊದಲು ಹೇಳಿದ್ದು ಕೊಲ್ಲುವುದರ ಬಗ್ಗೆ ಅಲ್ಲ. ಎರಡು ಕಾಲೂ ಅಗಲಕ್ಕೆ ಜಾರುವ ಪಿಳ್ಳೆಯನ್ನು ಕೆಟ್ಟದ್ದೆಂದು ಎಸೆಯಬೇಡಿ. ನುಣುಪು ನೆಲದಿಂದ ಎತ್ತಿ ಗೋಣಿಯ ಮೇಲೆ ಬಿಟ್ಟು, ಕಾಲೆರಡನ್ನೂ ಸಹಜ ಅಂತರದಲ್ಲಿ ಮೆದು ಪಟ್ಟಿಯಿಂದ ಕಟ್ಟಿದರೆ ಕೆಲವು ದಿನದಲ್ಲಿ ನಿಲ್ಲುತ್ತದೆ. ಬೆರಳು ಒಳಕ್ಕೆ ಸುರುಟಿದ್ದರೆ ರೈಬೋಫ್ಲೇವಿನ್ ಎಂಬ ಬಿ ಜೀವಸತ್ವದ ಕೊರತೆಯಿರಬಹುದು, ಬೇಗ ಕೊಟ್ಟರೆ ಸರಿಹೋಗುತ್ತದೆ. ಕತ್ತು ತಿರುಚುವುದಕ್ಕೂ ಕೆಲವೊಮ್ಮೆ ಜೀವಸತ್ವದ ಕೊರತೆಯೇ ಕಾರಣ. ಮಂಕಾದ ಎಷ್ಟೋ ಮರಿಗಳಿಗೆ ಬೇಕಿರುವುದು ಬಿಸಿ ಮಾತ್ರ, ಮೊದಲ ವಾರ 35 ಡಿಗ್ರಿಯಷ್ಟು. ಹೊಕ್ಕುಳು ತೆರೆದು ಹಳದಿ ಹೊರಬಿದ್ದು ಒಡೆದದ್ದು, ನೀರು ಗುಟುಕರಿಸಲಾಗದ್ದು, ಇತರ ಮರಿಗಳ ಕುಕ್ಕಿಗೆ ಮೈ ಹರಿದದ್ದು, ಇವು ಬೇರೆ. ಇವಕ್ಕೆ ಕಾಯುವುದೆಂದರೆ ನೋವನ್ನು ಉದ್ದ ಮಾಡುವುದು.

ನೀರಿನಲ್ಲಿ ಮುಳುಗಿಸುವುದನ್ನು ಕೇಳಿದೆವು. ನಮ್ಮ ಗೆಳೆಯ ನೆಲ ನೋಡುತ್ತಿದ್ದ. ಅದು ಸುಲಭದ ಸಾವಲ್ಲ, ಉಸಿರುಕಟ್ಟಿ ಒದ್ದಾಡುವ ಸಾವು ಎಂದರು. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿಯೂ ಇದನ್ನು ಒಪ್ಪುವುದಿಲ್ಲ. ಫ್ರಿಜ್ಜಿನಲ್ಲಿಡುವುದು, ಜೀವವಿರುವಾಗಲೇ ಹೂಳುವುದು, ತಿಪ್ಪೆಗೆ ಹಾಕುವುದು ಎಲ್ಲವೂ ಅದೇ ಸಾಲಿನವು. ನಾವು ಕಣ್ಣು ತಪ್ಪಿಸಿಕೊಳ್ಳಲು ಕಂಡುಕೊಂಡ ದಾರಿಗಳು, ಮರಿಗೆ ಅನುಕೂಲವಾದವಲ್ಲ. ಸರಿಯಾದದ್ದು ನೋಡಲು ಕಠೋರ: ಮೈಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ತಲೆಬುರುಡೆಯ ಹಿಂದೆಯೇ ಕೂರಿಸಿ, ಒಂದೇ ಬಿಗಿಯಲ್ಲಿ ಎಳೆದು ಹಿಂದಕ್ಕೆ ಬಾಗಿಸಿ ಕೀಲು ತಪ್ಪಿಸುವುದು. ಅರೆಮನಸ್ಸಿನಿಂದ ಮಾಡಬಾರದು, ತಿಳಿದವರ ಪಕ್ಕದಲ್ಲಿ ನಿಂತು ಕಲಿಯಬೇಕು. ಆಮೇಲೆ ರೆಕ್ಕೆ ಬಡಿಯುವುದು ನರಗಳ ಚಲನೆ, ಎಚ್ಚರವಲ್ಲ. ಉಸಿರೂ ಎದೆಬಡಿತವೂ ನಿಂತದ್ದನ್ನು ನೋಡಿ ಹೂಳಬೇಕು. ರೋಗದ ಅನುಮಾನವಿದ್ದರೆ ಸುಣ್ಣ ಹಾಕಿ ಆಳಕ್ಕೆ. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು.

ಇದನ್ನೆಲ್ಲ ಹೋಗಿ ಅಜ್ಜಿಗೆ ಹೇಳಿದೆವು. ಕರುವಿನ ಕತೆಯನ್ನೂ ಹೇಳಿದೆವು. 'ಗಾಂಧಿ ಹಂಗ್ ಮಾಡುದ್ರಾ?' ಎಂದು ಎರಡು ಸಲ ಕೇಳಿತು. ನಂಬಿತೋ ಇಲ್ಲವೋ ಗೊತ್ತಾಗಲಿಲ್ಲ.

ಆಷಾಢ ಕಳೆದ ಮೇಲೆ ಅದೇ ಹೇಂಟೆ ಮತ್ತೆ ಕಾವಿಗೆ ಕೂತಿತು. ಈ ಸಲ 11 ಮೊಟ್ಟೆ, 10 ಮರಿ. ಒಂದಕ್ಕೆ ಕಾಲು ಜಾರುತ್ತಿತ್ತು. ಗೆಳತಿ ಹಳೆಯ ಸೀರೆಯ ಅಂಚನ್ನು ಕತ್ತರಿಸಿ ಕಟ್ಟಿದಳು. ಐದನೇ ದಿನ ಬಿಚ್ಚಿದಳು. ಇನ್ನೊಂದನ್ನು ಮೂರನೇ ದಿನ ಬೆಕ್ಕು ಹಿಡಿದು, ಕೂಗಾಟಕ್ಕೆ ಬಿಟ್ಟು ಓಡಿತ್ತು. ಬೆನ್ನು ಮುರಿದಿತ್ತು, ಕರುಳು ಕಾಣುತ್ತಿತ್ತು. ಗೆಳತಿ ಫೋನ್ ಮಾಡಿ ಪಶುವೈದ್ಯರನ್ನು ಕೇಳೋಣವಾ ಎನ್ನುವಷ್ಟರಲ್ಲಿ ಅಜ್ಜಿ ಅದನ್ನು ಸೆರಗಿನಲ್ಲಿ ತೆಗೆದುಕೊಂಡು ಕರಿಬೇವಿನ ಗಿಡದ ಹಿಂದಕ್ಕೆ ಹೋಯಿತು. ಒಂದು ನಿಮಿಷವೂ ಆಗಿರಲಿಲ್ಲ, ಬಂದು ಗುದ್ದಲಿ ಕೇಳಿತು. ಕೈ ತೊಳೆದು ಬಾಗಿಲಲ್ಲಿ ಕೂತು ಬಹಳ ಹೊತ್ತು ಎಲೆ ಅಡಿಕೆ ಹಾಕಲಿಲ್ಲ. ಸೀರೆಯಂಚಿನ ಪಿಳ್ಳೆ ಈಗ ಮೊಟ್ಟೆ ಇಡುತ್ತಿದೆ. ನಡೆಯುವಾಗ ಸ್ವಲ್ಪ ವಾಲುತ್ತದೆ.